ಆಗಸ್ಟಸನ ಶಾಸನವೂ ಟ್ಯಾಸಿಟಸನ ಇತಿಹಾಸವೂ

ರೋಮಿನಲ್ಲಿ ಗಣರಾಜ್ಯವು ಅಳಿದು ಚಕ್ರಾಧಿಪತ್ಯವು ತಲೆಯೆತ್ತಿದ ಸಂಗತಿಯನ್ನು ಶಾಲೆಯ ಚರಿತ್ರೆಯ ಪುಸ್ತಕವನ್ನು ಓದಿದವರೆಲ್ಲರೂ ಬಲ್ಲರು. ಆದರೆ ಆ ಮಾರ್ಪಾಡು ಯಾವ ದಿನ ನಡೆಯಿತೆಂದು ಕೇಳಿದರೆ ಉತ್ತರ ಹೇಳುವುದು ಸುಲಭವಲ್ಲ. ಕ್ರಿ. ಪೂ. ೫೦೯ರಲ್ಲಿ ತಮ್ಮ ಹಿರಿಯರು ಅರಸರನ್ನು ಹೊರಗಟ್ಟಿದರೆಂದು ರೋಮನರ ಐತಿಹ್ಯ. ಅಂದಿನಿಂದ ‘ರಾಜ’ ಎಂಬ ಶಬ್ದವೇ ಅವರಿಗೆ ಕರ್ಣಕಠೋರವಾಗಿದ್ದಿತು. ಕ್ರಿ. ಪೂ. ೪೪ರ ಮಾರ್ಚ್ ೧೫ರಂದು ಜೂಲಿಯಸ್ ಸೀಸರನು ಸೆನೆಟ್ ಸಭೆಯ ನಡುವೆ ಕೊಲೆಯಾದುದಕ್ಕೆ, ಆಜೀವ ಸರ್ವಾಧಿಕಾರಿಯಾದ ಆತನು ಅರಸುತನದ ಹೊಸ್ತಿಲನ್ನು ತುಳಿದನೆಂಬ ಶಂಕೆಯೇ ಒಂದು ಮುಖ್ಯ ಕಾರಣ. ಸುಮಾರು ಹದಿನೇಳು ವರ್ಷಗಳ ತರುವಾಯ, ಕ್ರಿ. ಪೂ. ೨೭ರ ಜನವರಿ ತಿಂಗಳಲ್ಲಿ, ಆತನ ದತ್ತುಪುತ್ರನು ಅದೇ ಸೆನೆಟಿನ ಮುಂದೆ ನಿಂತು ಪ್ರಕಟಿಸಿದುದಾದರೂ ಏನು? ಚಕ್ರಾಧಿಪತ್ಯವನ್ನು ಸ್ಥಾಪಿಸಿದೆನೆಂದಲ್ಲ; ರಾಜ್ಯವನ್ನು ಸೆನೆಟಿಗೂ ಜನರಿಗೂ ಹಿಂದಕ್ಕೆ ಒಪ್ಪಿಸಿದೆನೆಂದು. ಆಮೇಲೆಯೂ ಸೆನೆಟ್ ಕೂಡುತ್ತಲೇ ಇದ್ದಿತು. ಕಾನ್ಸಲರೆಂಬ ವಾರ್ಷಿಕ ಅಧಿಕಾರಿಗಳು ಮೊದಲಿನಂತೆಯೇ ಬಂದುಹೋದರು. ‘ರೆಸ್ ಪಬ್ಲಿಕಾ’, ಎಂದರೆ ಪ್ರಜೆಗಳಿಗೆ ಸೇರಿದ ಸ್ವತ್ತು, ಎಂಬ ರಾಜ್ಯವಾಚಕವಾದ ಹಳೆಯ ಹೆಸರೂ ಶತಮಾನಗಳ ಕಾಲ ಉಳಿದುಕೊಂಡಿತು.

ಹಾಗಾದರೆ ಅಳಿದುದೇನು? ಶಬ್ದಗಳು ಅಳಿಯಲಿಲ್ಲ; ಅವುಗಳ ಅರ್ಥವು ಸ್ಥಾನಾಂತರ ಹೊಂದಿತು. ಆದಕಾರಣ ಈ ವಿಷಯವು ಇತಿಹಾಸಕಾರನಿಗೆ ಎಷ್ಟು ಸೇರಿದುದೋ ಸಾಹಿತ್ಯ ವಿಮರ್ಶಕನಿಗೂ ಅಷ್ಟೇ ಸೇರಿದುದು. ಈ ಅರ್ಥಾಂತರವನ್ನು ಕಣ್ಣಾರೆ ಕಾಣಬೇಕೆಂಬುವರಿಗೆ ಲ್ಯಾಟಿನ್ ಭಾಷೆಯ ಎರಡು ಗ್ರಂಥಗಳು ಸಾಕು: ಒಂದು, ಆಗಸ್ಟಸ್ ಚಕ್ರವರ್ತಿಯು ತಾನೇ ರಚಿಸಿದ ‘ರೆಸ್ ಗೆಸ್ಟೈ’ ಎಂಬ ಕಾರ್ಯಶಾಸನ; ಮತ್ತೊಂದು, ಒಂದು ಶತಮಾನದ ತರುವಾಯ ಟ್ಯಾಸಿಟಸನು ಬರೆದ ‘ಆನಲ್ಸ್’ ಎಂಬ ವಾರ್ಷಿಕ ವೃತ್ತಾಂತದ ಆರಂಭಭಾಗ. ಇವೆರಡನ್ನೂ ಜೊತೆಗಿರಿಸಿ ಪರೀಕ್ಷಿಸುವುದು ಈ ಲೇಖನದ ಉದ್ದೇಶ.

ಮೊದಲು ಶಾಸನದ ಚರಿತ್ರೆ. ಆಗಸ್ಟಸನು ಕ್ರಿ. ಶ. ೧೪ರ ಆಗಸ್ಟ್ ೧೯ರಂದು ನೋಲಾ ಎಂಬಲ್ಲಿ ತೀರಿಕೊಂಡನು. ಆತನು ತನ್ನ ಮರಣಪತ್ರದೊಡನೆ ಮೂರು ಲೇಖನಗಳನ್ನು ಬಿಟ್ಟಿದ್ದನೆಂದೂ, ಅವುಗಳಲ್ಲಿ ಒಂದಾದ ಈ ಕಾರ್ಯಪಟ್ಟಿಯನ್ನು ಕಂಚಿನ ಹಲಗೆಗಳಲ್ಲಿ ಕೆತ್ತಿಸಿ ತನ್ನ ಸಮಾಧಿಯ ಮುಂದೆ ನಿಲ್ಲಿಸಬೇಕೆಂದು ವಿಧಿಸಿದ್ದನೆಂದೂ ಸ್ಯೂಟೋನಿಯಸನು ಹೇಳುತ್ತಾನೆ. ರೋಮಿನ ಆ ಕಂಚಿನ ಹಲಗೆಗಳು ನಾಶವಾದವು. ಆದರೆ ದೂರದ ಗಲೇಷಿಯ ಪ್ರಾಂತದ ಅಂಕೈರಾ ಪಟ್ಟಣದಲ್ಲಿ, ಎಂದರೆ ಇಂದಿನ ತುರ್ಕಿಯ ರಾಜಧಾನಿಯಾದ ಅಂಕಾರಾದಲ್ಲಿ, ರೋಮಾದೇವಿಗೂ ಆಗಸ್ಟಸನಿಗೂ ಕಟ್ಟಿದ ದೇವಾಲಯದ ಗೋಡೆಗಳ ಮೇಲೆ ಅದರ ಲ್ಯಾಟಿನ್ ಪಾಠವೂ ಗ್ರೀಕ್ ಭಾಷಾಂತರವೂ ಉಳಿದುಕೊಂಡವು. ೧೫೫೫ರಲ್ಲಿ ಸುಲೇಮಾನ್ ಸುಲ್ತಾನನ ಬಳಿಗೆ ರಾಯಭಾರಿಯಾಗಿ ಹೊರಟಿದ್ದ ಬುಸ್ಬೆಕ್ ಎಂಬಾತನ ಪ್ರಯಾಣದಲ್ಲಿ ಅದು ಯೂರೋಪಿನ ವಿದ್ವಾಂಸರ ದೃಷ್ಟಿಗೆ ಬಿದ್ದಿತು. ಜರ್ಮನ್ ಪಂಡಿತನಾದ ಮಾಮ್ಸೆನನು ೧೮೬೫ರಲ್ಲಿಯೂ ೧೮೮೩ರಲ್ಲಿಯೂ ಅದನ್ನು ಸಂಪಾದಿಸಿ ಪ್ರಕಟಿಸಿದನು. ಅದರಲ್ಲಿ ೩೫ ಅಧ್ಯಾಯಗಳಿವೆ. ಒಂದೊಂದೂ ಕೆಲವೇ ವಾಕ್ಯಗಳಷ್ಟು.

ಭಾರತೀಯ ವಾಚಕನು ಈ ಶಾಸನವನ್ನು ಪ್ರಶಸ್ತಿಗಳ ಜಾತಿಗೆ ಸೇರಿಸಲು ಹೊರಡುವುದು ಸಹಜ. ಆದರೆ ಭೇದವು ದೊಡ್ಡದು. ಪ್ರಯಾಗದ ಕಂಬದ ಮೇಲೆ ಸಮುದ್ರಗುಪ್ತನನ್ನು ಹೊಗಳಿದವನು ಹರಿಷೇಣ. ಐಹೊಳೆಯಲ್ಲಿ ಪುಲಕೇಶಿಯನ್ನು ಹೊಗಳಿದವನು ರವಿಕೀರ್ತಿ. ಅಲ್ಲಿ ಅರಸನು ಮೌನವಾಗಿರುತ್ತಾನೆ, ಕವಿಯು ಮಾತನಾಡುತ್ತಾನೆ. ಉಪಮೆ, ಉತ್ಪ್ರೇಕ್ಷೆ, ಶ್ಲೇಷಗಳು ಸಾಲುಗೂಡಿ ಬರುತ್ತವೆ. ಅವು ಕವಿಸಮಯಗಳೆಂದು ಓದುವವನಿಗೂ ತಿಳಿದಿರುತ್ತದೆ. ಇಲ್ಲಿಯಾದರೋ ಅಧಿಪತಿಯೇ ಉತ್ತಮಪುರುಷದಲ್ಲಿ ಮಾತನಾಡುತ್ತಾನೆ. ಅಲಂಕಾರವೆಂಬುದು ಹುಡುಕಿದರೂ ಸಿಕ್ಕದು. ಅಲಂಕಾರಗಳ ಸ್ಥಾನದಲ್ಲಿ ಅಂಕಿಗಳು ಕುಳಿತಿವೆ. ತಾನು ಒಂದೇ ವರ್ಷದಲ್ಲಿ ೮೨ ದೇವಾಲಯಗಳನ್ನು ಜೀರ್ಣೋದ್ಧಾರ ಮಾಡಿಸಿದುದು, ಕ್ರಿ. ಪೂ. ೨೮ರ ಗಣತಿಯಲ್ಲಿ ೪೦,೬೩,೦೦೦ ಪೌರರಿದ್ದುದು, ತನ್ನ ಕಡೆಯ ಗಣತಿಯಲ್ಲಿ ಅದು ೪೯,೩೭,೦೦೦ಕ್ಕೆ ಏರಿದುದು, ಜನರಿಗೆ ತಲೆಗಿಷ್ಟೆಂದು ಹಂಚಿದ ಹಣ: ಹೀಗೆ ಶಾನುಭೋಗನ ಲೆಕ್ಕದಂತೆ ಶಾಸನವು ಸಾಗುತ್ತದೆ. ಈ ನಿರಾಡಂಬರವೇ ಅದರ ಮುಖ್ಯ ಗುಣ. ಹೊಗಳಿಕೆಯನ್ನು ಕೇಳಿದವನು ಸಂದೇಹಪಡುತ್ತಾನೆ. ಲೆಕ್ಕವನ್ನು ಕೇಳಿದವನು ತಲೆದೂಗುತ್ತಾನೆ. ಮನುಷ್ಯಸ್ವಭಾವದ ಈ ಮರ್ಮವನ್ನು ಆಗಸ್ಟಸನು ಚೆನ್ನಾಗಿ ಬಲ್ಲವನಾಗಿದ್ದನು.

ಇನ್ನು ಸ್ಥಾಲೀಪುಲಾಕನ್ಯಾಯದಿಂದ ಒಂದೆರಡು ಅಗುಳುಗಳನ್ನು ಹಿಚುಕಿ ನೋಡಬಹುದು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ತಾನು ಸ್ವಂತ ಸಂಕಲ್ಪದಿಂದಲೂ ಸ್ವಂತ ವೆಚ್ಚದಿಂದಲೂ ಸೈನ್ಯವನ್ನು ಕೂಡಿಸಿ, ಒಂದು ಪಕ್ಷದ ದಬ್ಬಾಳಿಕೆಗೆ ಸಿಕ್ಕಿದ್ದ ರಾಜ್ಯಕ್ಕೆ ಸ್ವಾತಂತ್ರ್ಯವನ್ನು ತಂದುಕೊಟ್ಟುದಾಗಿ ಶಾಸನದ ಪ್ರಾರಂಭದಲ್ಲಿಯೇ ಹೇಳಿದೆ. ಸೈನ್ಯ ಕೂಡಿಸಿದುದು ನಿಜ. ಆದರೆ ಯಾವ ಅಧಿಕಾರವೂ ಇಲ್ಲದ ಹುಡುಗನೊಬ್ಬನು ಖಾಸಗಿಯಾಗಿ ದಂಡು ಕಟ್ಟುವುದು ಗಣರಾಜ್ಯದ ಕಟ್ಟಳೆಗೆ ನೇರವಾಗಿ ವಿರುದ್ಧ. ಆ ಅಪರಾಧವೇ ಇಲ್ಲಿ ಪ್ರಥಮ ಪುಣ್ಯವಾಗಿ ಎಣಿಕೆಗೊಂಡಿದೆ. ಅದೇ ವರುಷ ಕಾನ್ಸಲರಿಬ್ಬರೂ ಯುದ್ಧದಲ್ಲಿ ಮಡಿದುದರಿಂದ ಜನರು ತನ್ನನ್ನು ಕಾನ್ಸಲನನ್ನಾಗಿ ಆರಿಸಿದರೆಂದು ಮುಂದೆ ಹೇಳಿದೆ. ಮಡಿದುದೂ ನಿಜ, ಆರಿಸಿದುದೂ ನಿಜ. ಆ ಚುನಾವಣೆಯ ಹೊತ್ತಿಗೆ ಆತನ ದಂಡು ರೋಮಿನ ಮೇಲೆ ನಡೆದು ಬಂದಿದ್ದಿತೆಂಬುದು ಮಾತ್ರ ಬಿಟ್ಟುಹೋಗಿದೆ. ಆ ಬಳಿಕ ರಾಜ್ಯವ್ಯವಸ್ಥೆಗಾಗಿ ನೇಮಕವಾದ ಮೂವರಲ್ಲಿ ತಾನೊಬ್ಬನಾಗಿದ್ದುದಾಗಿ ಹೇಳಿದೆ. ಆ ಮೂವರು ಕ್ರಿ. ಪೂ. ೪೩ರಲ್ಲಿ ಹೊರಡಿಸಿದ ವಧ್ಯರ ಪಟ್ಟಿಗಳ ಸುದ್ದಿಯಿಲ್ಲ. ಸುಮಾರು ೩೦೦ ಮಂದಿ ಸೆನೆಟರೂ ೨,೦೦೦ ಮಂದಿ ಅಶ್ವವರ್ಗದ ಧನಿಕರೂ ಆ ಪಟ್ಟಿಗಳಿಗೆ ಸಿಕ್ಕಿದರೆಂದು ಅಪ್ಪಿಯನನು ಬರೆದಿದ್ದಾನೆ. ಈ ಹುಡುಗನನ್ನು ಸೆನೆಟಿನಲ್ಲಿ ಎತ್ತಿಹಿಡಿದು ಮಾತನಾಡಿದ ವೃದ್ಧ ವಾಗ್ಮಿ ಸಿಸೆರೋವಿನ ತಲೆಯನ್ನೂ ಕೈಗಳನ್ನೂ ಕಡಿದು, ಆತನು ನಿಂತು ಮಾತನಾಡುತ್ತಿದ್ದ ವೇದಿಕೆಯ ಮೇಲೆಯೇ ಇಟ್ಟರು. ಸಿಸೆರೋವಿನ ಹೆಸರೇ ಶಾಸನದಲ್ಲಿಲ್ಲ.

ಹೆಸರಿಲ್ಲದವನು ಸಿಸೆರೋ ಒಬ್ಬನೇ ಅಲ್ಲ. ಬ್ರೂಟಸ್, ಕ್ಯಾಸಿಯಸರು ‘ತಂದೆಯನ್ನು ಕೊಂದವರು’. ಸೆಕ್ಸ್ಟಸ್ ಪಾಂಪೆಯ ನೌಕಾಬಲವು ‘ಕಡಲ್ಗಳ್ಳರು’. ಹತ್ತು ವರ್ಷ ಸಹಾಧಿಕಾರಿಯಾಗಿದ್ದು ಆಮೇಲೆ ಆಕ್ಟಿಯಂ ಯುದ್ಧದಲ್ಲಿ ಪ್ರತಿಪಕ್ಷಿಯಾದ ಆಂಟೊನಿಯು ಬರಿಯ ‘ಎದುರಾಳಿ’. ಶತ್ರುವಿಗೆ ಹೆಸರು ಕೊಟ್ಟರೆ ಆತನಿಗೂ ಒಂದು ಪಕ್ಷವಿದ್ದಿರಬೇಕೆಂದು ಓದುವವನಿಗೆ ತೋರೀತು. ಹೆಸರನ್ನು ಕಳೆದರೆ ಆತನು ಪಕ್ಷವಿಲ್ಲದ ಬರಿಯ ಉಪದ್ರವವಾಗುತ್ತಾನೆ. ಅಂತರ್ಯುದ್ಧವೂ ಆಗ ಅಂತರ್ಯುದ್ಧವಾಗಿ ಕಾಣದೆ ಚೋರನಿಗ್ರಹವಾಗಿ ಕಾಣುತ್ತದೆ. ಅಂತೆಯೇ ಜರ್ಮನಿಯನ್ನು ಎಲ್ಬ್ ನದಿಯ ಮುಖದವರೆಗೆ ಶಾಂತಗೊಳಿಸಿದ ಮಾತಿದೆ, ಕ್ರಿ. ಶ. ೯ರಲ್ಲಿ ಅಲ್ಲಿಯ ಕಾಡಿನಲ್ಲಿ ವಾರಸನೊಡನೆ ಮೂರು ಲೀಜನ್ ಸೈನ್ಯ ಹತವಾದ ಮಾತಿಲ್ಲ.

ಶಾಸನದಲ್ಲಿ ಹಸಿಯ ಸುಳ್ಳುಗಳನ್ನು ಹುಡುಕುವವನಿಗೆ ಹೆಚ್ಚೇನೂ ಸಿಕ್ಕಲಾರದು. ದ್ರೋಣವಧೆಯ ಪ್ರಸಂಗದಲ್ಲಿ ಧರ್ಮರಾಯನು ಆಡಿದ ಮಾತೂ ಅಕ್ಷರಶಃ ಸುಳ್ಳಲ್ಲ. ಆದರೂ ಅಂದಿನವರೆಗೆ ನೆಲದಿಂದ ನಾಲ್ಕು ಅಂಗುಲ ಮೇಲೆ ಚಲಿಸುತ್ತಿದ್ದ ಆತನ ರಥವು ಆ ಕ್ಷಣದಲ್ಲಿ ನೆಲಕ್ಕೆ ಇಳಿಯಿತೆಂದು ವ್ಯಾಸರು ಹೇಳಿದ್ದಾರೆ. ವಾಚ್ಯಾರ್ಥವು ಸತ್ಯವಾಗಿದ್ದು ಕೇಳಿದವನ ಮನಸ್ಸಿನಲ್ಲಿ ಹುಟ್ಟುವ ಅರ್ಥವು ಅಸತ್ಯವಾಗಿದ್ದರೆ ಅದರ ಹೊಣೆ ಆಡಿದವನದೇ ಎಂಬುದು ಅದರ ತಾತ್ಪರ್ಯ. ಆಗಸ್ಟಸನ ಶಾಸನಕ್ಕೂ ಇದೇ ಒರೆಗಲ್ಲು.

ಶಾಸನದ ತಿರುಳಿರುವುದು ೩೪ನೆಯ ಅಧ್ಯಾಯದಲ್ಲಿ. ಅಂತರ್ಯುದ್ಧಗಳನ್ನು ಅಡಗಿಸಿದ ಮೇಲೆ, ಸರ್ವರ ಸಮ್ಮತಿಯಿಂದ ಸಕಲವೂ ತನ್ನ ವಶವಾಗಿರಲು, ರಾಜ್ಯವನ್ನು ಸೆನೆಟಿನ ಮತ್ತು ಜನರ ವಿವೇಚನೆಗೆ ಒಪ್ಪಿಸಿದುದಾಗಿಯೂ, ಅದಕ್ಕಾಗಿ ‘ಆಗಸ್ಟಸ್’ ಎಂಬ ಬಿರುದು ಬಂದುದಾಗಿಯೂ, ಅಂದಿನಿಂದ ಗೌರವದಲ್ಲಿ ತಾನು ಎಲ್ಲರನ್ನೂ ಮೀರಿದರೂ ಅಧಿಕಾರದಲ್ಲಿ ಸಹಾಧಿಕಾರಿಗಳಿಗಿಂತ ಹೆಚ್ಚಿನವನಾಗಿರಲಿಲ್ಲವೆಂದೂ ಅಲ್ಲಿ ಹೇಳಿದೆ. ಇಲ್ಲಿ ‘ಗೌರವ’ ಎಂದು ಅನುವಾದಿಸಿರುವ ಶಬ್ದದ ಕಥೆಯು ಸ್ವಾರಸ್ಯವಾಗಿದೆ. ಅಂಕೈರಾದ ಗೋಡೆಯಲ್ಲಿ ಆ ಲ್ಯಾಟಿನ್ ಶಬ್ದವು ನಷ್ಟವಾಗಿದ್ದಿತು. ಗ್ರೀಕ್ ಪಾಠವನ್ನು ಆಧರಿಸಿ ಮಾಮ್ಸೆನನು ಅಲ್ಲಿ ‘ಡಿಗ್ನಿಟಾಸ್’, ಎಂದರೆ ಮರ್ಯಾದೆ, ಎಂದು ಊಹಿಸಿ ತುಂಬಿದನು. ಆದರೆ ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಪಿಸಿಡಿಯದ ಅಂತಿಯೋಕ್ಯದಲ್ಲಿ ಇದೇ ಶಾಸನದ ಚೂರುಗಳು ದೊರೆತಾಗ ಅಲ್ಲಿದ್ದುದು ‘ಆಕ್ಟೊರಿಟಾಸ್’ ಎಂದು ತಿಳಿಯಬಂದಿತು. ಪ್ರಖ್ಯಾತ ಪಂಡಿತನ ಊಹೆಯನ್ನು ಒಡೆದ ಕಲ್ಲಿನ ಚೂರೊಂದು ತಿದ್ದಿತು.

ಈ ‘ಆಕ್ಟೊರಿಟಾಸ್’ ಎಂದರೇನು? ಅದು ಕಾನೂನು ಕೊಡುವ ಅಧಿಕಾರವಲ್ಲ; ಮಾತಿಗಿರುವ ತೂಕ. ಕೂಡುಕುಟುಂಬದಲ್ಲಿ ಹಿರಿಯನು ಆಡಿದ ಮಾತನ್ನು ಉಳಿದವರು ನಡೆಸುವುದು ಆತನ ಕೈಯಲ್ಲಿ ಕೋಲಿದೆಯೆಂದಲ್ಲ, ಆತನು ಹಿರಿಯನೆಂದು. ಸೆನೆಟಿಗೆ ಹಿಂದೆ ಇದ್ದುದು ಈ ಬಗೆಯ ತೂಕವೇ. ಆ ಪೂಜ್ಯವಾದ ಹಳೆಯ ಶಬ್ದವನ್ನು ಆಗಸ್ಟಸನು ಸಭೆಯಿಂದ ತೆಗೆದು ತನ್ನೊಬ್ಬನ ಮೇಲೆ ಹೊದ್ದುಕೊಂಡನು. ಆದರೆ ಈ ಹಿರಿಯನ ಕೈಯಲ್ಲಿ ಕೋಲೂ ಇದ್ದಿತು. ರಾಜ್ಯವನ್ನು ಒಪ್ಪಿಸಿದ ಬೆನ್ನಿಗೇ ಸೆನೆಟ್ ಪ್ರಾರ್ಥಿಸಿತೆಂಬ ನೆಪದಲ್ಲಿ ಸ್ಪೇನ್, ಗಾಲ್, ಸಿರಿಯ ದೇಶಗಳನ್ನು ಆತನು ಹತ್ತು ವರ್ಷಗಳಿಗೆಂದು ವಹಿಸಿಕೊಂಡನು. ದಂಡಿನ ಬಹುಭಾಗವು ನೆಲಸಿದ್ದುದು ಅಲ್ಲಿಯೇ. ಐಗುಪ್ತವನ್ನು ರೋಮನ್ ಜನತೆಯ ರಾಜ್ಯಕ್ಕೆ ಸೇರಿಸಿದುದಾಗಿ ಶಾಸನವು ಹೇಳುತ್ತದೆ. ಆ ದೇಶಕ್ಕೆ ಅಪ್ಪಣೆಯಿಲ್ಲದೆ ಸೆನೆಟರು ಕಾಲಿಡಕೂಡದೆಂಬ ನಿಷೇಧವನ್ನು ಹೇಳುವುದಿಲ್ಲ. ಕ್ರಿ. ಪೂ. ೨೩ರಲ್ಲಿ ಆತನು ಜನಪ್ರತಿನಿಧಿಗಳಾದ ಟ್ರಿಬ್ಯೂನರ ಪದವಿಯನ್ನು ವಹಿಸದೆಯೇ ಅವರ ಅಧಿಕಾರವನ್ನು ಮಾತ್ರ ಪಡೆದನು. ಮರುವರ್ಷ ಜನರು ಸರ್ವಾಧಿಕಾರಿಯ ಪದವಿಯನ್ನು ಕೊಡಬಂದಾಗ ನಿರಾಕರಿಸಿದನು. ಬೇಡವೆಂದುದು ಹೆಸರನ್ನು, ಅಧಿಕಾರವು ಆಗಲೇ ಆತನ ಬಳಿಯಿದ್ದಿತು.

ಗ್ರೀಕ್ ಭಾಷಾಂತರಕಾರನ ಕಷ್ಟವನ್ನೂ ಇಲ್ಲಿ ನೆನೆಯತಕ್ಕದ್ದು. ‘ಆಕ್ಟೊರಿಟಾಸ್’ ಶಬ್ದವನ್ನು ಒಂದೇ ಮಾತಿನಿಂದ ಗ್ರೀಕಿಗೆ ತರುವುದು ಅಸಾಧ್ಯವೆಂದು ಗ್ರೀಕಿನಲ್ಲಿ ರೋಮಿನ ಇತಿಹಾಸ ಬರೆದ ಡಿಯೋ ಕ್ಯಾಸಿಯಸನು ಹೇಳಿದ್ದಾನೆ. ಲ್ಯಾಟಿನಿನಲ್ಲಿ ‘ಇಂಪರೇಟರ್’ ಎಂಬುದು ಗೆದ್ದ ಸೇನಾನಿಗೆ ಸೈನಿಕರು ಕೂಗಿ ಕೊಡುತ್ತಿದ್ದ ಬಿರುದು. ಅದರಲ್ಲಿ ಅರಸುತನದ ವಾಸನೆಯಿಲ್ಲ. ಗ್ರೀಕಿನವನು ಅದಕ್ಕೆ ‘ಆಟೊಕ್ರಾಟೋರ್’, ಎಂದರೆ ಸ್ವಯಂ ಪ್ರಭುತ್ವವುಳ್ಳವನು, ಎಂದು ಬರೆದನು. ಮೂಲವು ಮುಚ್ಚಿಟ್ಟುದನ್ನು ಭಾಷಾಂತರವು ಹೊರಗೆಡಹಿತು.

ಅಧಿಪತಿಯು ಸ್ವಮುಖದಿಂದ ಮಾತನಾಡುವ ಶಾಸನಗಳು ಭಾರತಕ್ಕೂ ಹೊಸವಲ್ಲ. ಅಶೋಕನ ಹದಿಮೂರನೆಯ ಶಿಲಾಶಾಸನವು ಕಳಿಂಗಯುದ್ಧದಲ್ಲಿ ೧,೫೦,೦೦೦ ಜನರು ಸೆರೆಯಾಗಿ ಒಯ್ಯಲ್ಪಟ್ಟರೆಂದೂ ೧,೦೦,೦೦೦ ಜನರು ಹತರಾದರೆಂದೂ ಎಣಿಸಿ, ಆ ಎಣಿಕೆಗಾಗಿ ಪಶ್ಚಾತ್ತಾಪಪಡುತ್ತದೆ. ಆಗಸ್ಟಸನ ಶಾಸನವೂ ಎಣಿಸುತ್ತದೆ: ತಾನು ನಡೆಸಿದ ಕಾಳಗದ ಆಟಗಳಲ್ಲಿ ಸುಮಾರು ೧೦,೦೦೦ ಮಲ್ಲರು ಹೋರಾಡಿದರು, ಮೃಗಬೇಟೆಗಳಲ್ಲಿ ಸುಮಾರು ೩,೫೦೦ ಪ್ರಾಣಿಗಳು ಸತ್ತವು, ಒಡೆಯರಿಂದ ತಪ್ಪಿಸಿಕೊಂಡು ಆಯುಧ ಹಿಡಿದ ಸುಮಾರು ೩೦,೦೦೦ ಗುಲಾಮರನ್ನು ಶಿಕ್ಷೆಗಾಗಿ ಒಡೆಯರಿಗೆ ಮರಳಿ ಒಪ್ಪಿಸಲಾಯಿತು. ಇವೆಲ್ಲವೂ ಸತ್ಕಾರ್ಯಗಳ ಪಟ್ಟಿಯಲ್ಲಿವೆ. ಎರಡು ಶಾಸನಗಳಲ್ಲಿಯೂ ಅಂಕಿಗಳಿವೆ. ಒಂದರಲ್ಲಿ ಅವು ಕರುಣರಸಕ್ಕೆ ಆಲಂಬನವಾಗಿವೆ, ಮತ್ತೊಂದರಲ್ಲಿ ಔದಾರ್ಯದ ಲೆಕ್ಕವಾಗಿವೆ. ಬರೆಯಿಸಿದವನ ಹೃದಯವು ಎಲ್ಲಿದ್ದಿತೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತಿಳಿಸುವ ಸಾಕ್ಷ್ಯ ಬೇಕಿಲ್ಲ.

ಆದರೂ ಆಗಸ್ಟಸನಿಗೆ ನ್ಯಾಯವನ್ನು ಸಲ್ಲಿಸಬೇಕು. ಆತನು ಕೊಂದನೆಂದು ಹೇಳುವ ಗಣರಾಜ್ಯವು ಆ ಹೊತ್ತಿಗೆ ಎಷ್ಟು ಜೀವಂತವಾಗಿದ್ದಿತು? ಕ್ರಿ. ಪೂ. ೧೩೩ರಲ್ಲಿ ಬಡವರಿಗೆ ಭೂಮಿ ಹಂಚಲು ಹೊರಟ ಟೈಬೀರಿಯಸ್ ಗ್ರಾಕಸನನ್ನು ಸೆನೆಟರೇ ಮುಂದಾಗಿ ನಿಂತು ಹೊಡೆದು ಕೊಂದರು. ವಧ್ಯರ ಪಟ್ಟಿಯನ್ನು ಮೊದಲು ಹೊರಡಿಸಿದವನು ಸೆನೆಟಿನ ಪಕ್ಷಪಾತಿಯಾದ ಸುಲ್ಲಾ. ಸೈನಿಕರು ತಮ್ಮ ಜೀವನಕ್ಕೆ ರಾಜ್ಯವನ್ನು ನೆಚ್ಚದೆ ತಮ್ಮ ದಂಡನಾಯಕನನ್ನು ನೆಚ್ಚುವಂತಾಗಿತ್ತು. ಪ್ರಾಂತಗಳಿಗೆ ಹೋದ ಅಧಿಕಾರಿಗಳಲ್ಲಿ ಅನೇಕರು ಪ್ರಜೆಗಳನ್ನು ಸುಲಿದು ಧನಿಕರಾಗಿ ಮರಳುತ್ತಿದ್ದರು. ಪ್ರಭುತ್ವವೂ ಕೆಲವೇ ಮನೆತನಗಳ ಕೈಯಲ್ಲಿದ್ದಿತು. ಒಂದು ಶತಮಾನದ ರಕ್ತಪಾತದ ತರುವಾಯ ಶಾಂತಿಯನ್ನು ತಂದವನಿಗೆ ಜನರು ಕೈಮುಗಿದರೆ ಅದು ಆಶ್ಚರ್ಯವಲ್ಲ. ಶಾಸನವು ಹೇಳುವ ಸರ್ವಸಮ್ಮತಿಯಲ್ಲಿ ಭಯವೂ ಇದ್ದಿತು, ಆಯಾಸವೂ ಇದ್ದಿತು. ನಿಜವಾದ ಕೃತಜ್ಞತೆಯೂ ಇದ್ದಿತು.

ಈ ಆಯಾಸವನ್ನು ಕಂಡವನೇ ಟ್ಯಾಸಿಟಸ್. ಡೊಮಿಷಿಯನನ ಕ್ರೂರ ಆಳ್ವಿಕೆಯಲ್ಲಿ ಪದವಿಗಳನ್ನು ಏರಿ, ಕ್ರಿ. ಶ. ೯೭ರಲ್ಲಿ ಕಾನ್ಸಲನಾಗಿ, ತರುವಾಯ ಏಷ್ಯಾ ಪ್ರಾಂತವನ್ನಾಳಿದ ಈತನು ಅಧಿಕಾರವನ್ನು ಒಳಗಿನಿಂದ ಬಲ್ಲವನು. ಅರಸರ ಕಾಲದಿಂದ ಆಗಸ್ಟಸನವರೆಗಿನ ಏಳು ಶತಮಾನಗಳನ್ನು ಆತನು ಕೆಲವೇ ವಾಕ್ಯಗಳಲ್ಲಿ ದಾಟುತ್ತಾನೆ. ಸೈನಿಕರನ್ನು ಬಹುಮಾನದಿಂದ, ಜನರನ್ನು ಧಾನ್ಯದಿಂದ, ಎಲ್ಲರನ್ನೂ ಶಾಂತಿಯ ಸವಿಯಿಂದ ಒಲಿಸಿಕೊಂಡು, ಸೆನೆಟಿನ, ಅಧಿಕಾರಿಗಳ ಮತ್ತು ಕಾನೂನಿನ ಕೆಲಸಗಳನ್ನು ಒಬ್ಬನು ಮೆಲ್ಲಮೆಲ್ಲನೆ ತನ್ನೊಳಗೆ ಸೆಳೆದುಕೊಂಡ ಬಗೆಯನ್ನು ಆತನು ಆವೇಶವಿಲ್ಲದೆ ನಿರೂಪಿಸುತ್ತಾನೆ. ಪದವಿಗಳ ಹೆಸರುಗಳು ಬದಲಾಗಲಿಲ್ಲವೆಂಬುದು ಆತನ ದೃಷ್ಟಿಯನ್ನು ತಪ್ಪಿಸಿಕೊಳ್ಳಲಿಲ್ಲ. ಟ್ರಿಬ್ಯೂನರ ಅಧಿಕಾರವೆಂಬುದು ರಾಜನೆಂದೂ ಸರ್ವಾಧಿಕಾರಿಯೆಂದೂ ಕರೆಯಿಸಿಕೊಳ್ಳದೆ ಎಲ್ಲರ ಮೇಲಿರಲು ಆಗಸ್ಟಸನು ಹುಡುಕಿಕೊಂಡ ಹೆಸರೆಂದು ಗ್ರಂಥದ ಮೂರನೆಯ ಭಾಗದಲ್ಲಿ ಬಿಚ್ಚಿ ಹೇಳುತ್ತಾನೆ. ಆಗಸ್ಟಸನು ಸಾಯುವ ವೇಳೆಗೆ ಗಣರಾಜ್ಯವನ್ನು ಕಣ್ಣಾರೆ ಕಂಡವರೇ ವಿರಳವಾಗಿದ್ದರೆಂಬುದು ಆತನು ಹೇಳುವ ಮಾತುಗಳಲ್ಲಿ ಅತ್ಯಂತ ಗಂಭೀರವಾದದ್ದು. ಹಳೆಯ ಶಬ್ದದ ಹಳೆಯ ಅರ್ಥವನ್ನು ಬಲ್ಲವರು ತೀರಿಹೋದ ಮೇಲೆ ಹೊಸ ಅರ್ಥವೇ ರೂಢಿಯಾಗುತ್ತದೆ. ಆಗ ಅದನ್ನು ಪ್ರಶ್ನಿಸುವವರು ಉಳಿಯುವುದಿಲ್ಲ.

ಮುಂದೆ ಆಗಸ್ಟಸನ ಉತ್ತರಕ್ರಿಯೆಯ ಸಂದರ್ಭದಲ್ಲಿ ತಿಳಿವಳಿಕಸ್ಥರು ಆಡಿಕೊಂಡುದೆಂದು ಟ್ಯಾಸಿಟಸನು ಎರಡು ಪಕ್ಷಗಳನ್ನು ನಿರೂಪಿಸುತ್ತಾನೆ. ಪೂರ್ವಪಕ್ಷವು ಹೊಗಳಿಕೆ, ಅದು ಶಾಸನದ ಮಾತುಗಳನ್ನೇ ಹೋಲುತ್ತದೆ. ಉತ್ತರಪಕ್ಷವು ದೂಷಣೆ: ಲಂಚದಿಂದ ಕೂಡಿಸಿದ ದಂಡು, ಬಲಾತ್ಕಾರದಿಂದ ಪಡೆದ ಕಾನ್ಸಲ್ ಪದವಿ, ವಧ್ಯರ ಪಟ್ಟಿ, ವಾರಸನ ಸೋಲು. ಶಾಸನವು ಬಿಟ್ಟ ಒಂದೊಂದು ತೆರವನ್ನೂ ಇಲ್ಲಿ ತುಂಬಿದಂತಿದೆ. ಶಾಸ್ತ್ರಗ್ರಂಥಗಳಲ್ಲಿ ಪಕ್ಷ, ಪ್ರತಿಪಕ್ಷಗಳನ್ನು ಕಂಡವರಿಗೆ ಈ ಕ್ರಮವು ಪರಿಚಿತವೆನಿಸೀತು. ಆದರೆ ಟ್ಯಾಸಿಟಸನು ಸಿದ್ಧಾಂತವನ್ನು ಹೇಳುವುದಿಲ್ಲ. ದೂಷಣೆಯನ್ನು ದೀರ್ಘಗೊಳಿಸಿ, ಅದನ್ನು ಕಡೆಗಿರಿಸಿ, ತಾನು ಮರೆಯಾಗುತ್ತಾನೆ. ದ್ವೇಷ, ಪಕ್ಷಪಾತಗಳನ್ನು ಬಿಟ್ಟು ಬರೆಯುವೆನೆಂದು ಪ್ರತಿಜ್ಞೆ ಮಾಡಿದವನಿಗೆ ಇದು ಒಪ್ಪುವ ಮಾರ್ಗವೇ? ತೀರ್ಪನ್ನು ಸ್ವಂತ ಹೆಸರಿನಲ್ಲಿ ಕೊಡದೆ ‘ಜನರು ಹೀಗೆಂದರು’ ಎಂದು ಸೂಚಿಸುವುದು ಆಗಸ್ಟಸನ ಅನುಕ್ತಿಗೆ ತೀರ ದೂರವಾದುದಲ್ಲ. ಇದು ಆತನ ದೋಷ. ಆತನ ಕಣ್ಣು ಸೆನೆಟರನ ಕಣ್ಣೆಂಬುದು ಮತ್ತೊಂದು ದೋಷ. ಹೊಸ ವ್ಯವಸ್ಥೆಯು ಪ್ರಾಂತಗಳಿಗೆ ಅಪ್ರಿಯವಾಗಿರಲಿಲ್ಲವೆಂದು ಆತನು ಪ್ರಾಮಾಣಿಕವಾಗಿ ಒಪ್ಪುತ್ತಾನೆ, ಆದರೆ ಒಂದೇ ಉಸಿರಿನಲ್ಲಿ ಆ ವಿಷಯವನ್ನು ಮುಗಿಸುತ್ತಾನೆ. ಆಗಸ್ಟಸನ ಶಾಸನವನ್ನು ಇಂದಿನವರೆಗೆ ಕಾಪಾಡಿದುದು ರೋಮ್ ನಗರವಲ್ಲ, ಆ ಪ್ರಾಂತಗಳ ಗೋಡೆಗಳೇ ಎಂಬುದನ್ನು ವಾಚಕರು ಮರೆಯಕೂಡದು.

ಇಷ್ಟು ದೋಷಗಳಿದ್ದರೂ ಇಬ್ಬರಲ್ಲಿ ಟ್ಯಾಸಿಟಸನೇ ಮೇಲೆಂದು ಹೇಳಬೇಕಾಗುತ್ತದೆ. ಏತಕ್ಕೆಂದರೆ ಆತನ ಗ್ರಂಥದಲ್ಲಿ ಆಗಸ್ಟಸನ ಪಕ್ಷಕ್ಕೆ ಎಡೆಯಿದೆ. ಆಗಸ್ಟಸನ ಶಾಸನದಲ್ಲಿ ಇನ್ನಾರ ಪಕ್ಷಕ್ಕೂ ಎಡೆಯಿಲ್ಲ. ಪ್ರತಿವಾದಿಯ ಹೆಸರನ್ನು ಉಳಿಸುವ ಬರವಣಿಗೆಯನ್ನು ಮುಂದಿನವರು ಪರೀಕ್ಷಿಸಿ ತಿದ್ದಬಹುದು. ಹೆಸರನ್ನೇ ಅಳಿಸುವ ಬರವಣಿಗೆಯನ್ನು ತಿದ್ದಲು ಬೇರೆ ಸಾಕ್ಷಿಗಳು ದೊರೆಯಬೇಕು.

ಆಗಸ್ಟಸನು ಅರ್ಥ ಬದಲಿಸಿದ ಶಬ್ದಗಳು ರೋಮಿನಲ್ಲಿಯೇ ನಿಲ್ಲಲಿಲ್ಲ. ಭಾರತದ ಅರಸರಿಂದ ರಾಯಭಾರಿಗಳು ತನ್ನ ಬಳಿಗೆ ಬಂದುದನ್ನು ಶಾಸನವು ಹೆಮ್ಮೆಯಿಂದ ಹೇಳಿಕೊಂಡಿದೆ. ಆತನ ಮತ್ತು ಟೈಬೀರಿಯಸನ ಬೆಳ್ಳಿಯ ನಾಣ್ಯಗಳು ಚಿತ್ರದುರ್ಗದ ಮಗ್ಗುಲಿನ ಚಂದ್ರವಳ್ಳಿಯಲ್ಲಿ ದೊರೆತಿವೆ. ಸಂಸ್ಕೃತದ ‘ದೀನಾರ’ವು ಲ್ಯಾಟಿನಿನ ‘ಡಿನೇರಿಯಸ್’ ಎಂಬುದರಿಂದ ಬಂದುದು. ‘ಸೀಸರ್’ ಎಂಬ ಬರಿಯ ಮನೆತನದ ಹೆಸರು ಜರ್ಮನಿಯಲ್ಲಿ ‘ಕೈಸರ್’ ಆಗಿ, ರಷ್ಯದಲ್ಲಿ ‘ಜಾರ್’ ಆಗಿ, ಅರಸರಿಗೂ ಅರಸನೆಂಬ ಅರ್ಥವನ್ನು ಪಡೆಯಿತು. ೧೮೭೭ರಲ್ಲಿ ದೆಹಲಿಯ ದರ್ಬಾರಿನಲ್ಲಿ ವಿಕ್ಟೋರಿಯಾ ರಾಣಿಗೆ ಘೋಷಿಸಿದ ಬಿರುದಿನ ದೇಶೀಯ ರೂಪವು ‘ಕೈಸರ್-ಇ-ಹಿಂದ್’. ರಾಜನೆನಿಸಿಕೊಳ್ಳಲು ಅಂಜಿದವನ ಮನೆಯ ಹೆಸರು ರಾಜರೆಲ್ಲರೂ ಬಯಸುವ ಬಿರುದಾಯಿತು. ಶಬ್ದಾರ್ಥಸಂಬಂಧವನ್ನು ವಿಚಾರಿಸುವವರಿಗೆ ಇದಕ್ಕಿಂತ ದೊಡ್ಡ ಉದಾಹರಣೆ ದೊರೆಯುವುದು ಕಷ್ಟ.

ಈ ಎರಡು ಗ್ರಂಥಗಳೂ ಇಂಗ್ಲಿಷ್ ಅನುವಾದದಲ್ಲಿ ಸುಲಭವಾಗಿ ದೊರೆಯುತ್ತವೆ. ಶಾಸನವು ಒಂದು ಸಂಜೆಯ ಓದಿಗೆ ಸಾಲದಷ್ಟು ಚಿಕ್ಕದು. ಮೊದಲು ಅದನ್ನು ಓದಿ, ಅಲ್ಲಿ ಯಾರಾರ ಹೆಸರುಗಳಿಲ್ಲವೆಂಬುದನ್ನು ಬರೆದಿಟ್ಟುಕೊಂಡು, ಆ ಮೇಲೆ ಟ್ಯಾಸಿಟಸನ ಮೊದಲ ಹದಿನೈದು ಅಧ್ಯಾಯಗಳನ್ನು ಓದತಕ್ಕದ್ದು. ಮನೆಯಲ್ಲಿ ಓದುವ ಹುಡುಗರಿದ್ದರೆ ಅವರೊಡನೆ ಕುಳಿತು ಓದುವುದು ಇನ್ನೂ ಮೇಲು. ಇಸವಿಗಳನ್ನು ಉರುಹೊಡೆದು ಪರೀಕ್ಷೆಯಲ್ಲಿ ಒಪ್ಪಿಸುವ ಚರಿತ್ರೆಗಿಂತ ಈ ಒಂದು ವಾರದ ವ್ಯಾಸಂಗವು ಅವರಿಗೆ ಹೆಚ್ಚು ಉಪಯುಕ್ತವಾದೀತು. ಆಳುವವರು ಹಳೆಯ ಹೆಸರುಗಳನ್ನು ವಿಶೇಷ ಆದರದಿಂದ ಉಚ್ಚರಿಸತೊಡಗಿದಾಗ ಅವುಗಳ ಅರ್ಥವು ಎಲ್ಲಿಗೆ ಹೋಯಿತೆಂದು ಕೇಳುವ ಅಭ್ಯಾಸವು ಅವರಲ್ಲಿ ಬೆಳೆದೀತು.